ಸಕ್ಕರೆ ಕಡಿದು ಭತ್ತದ ಕೋಶಗಳಲ್ಲಿ ಅಮೈಲೇಸ್ ಅಳೆದದ್ದು: ನನ್ನ ಅನುಭವ

ಸಕ್ಕರೆ ತಪ್ಪಿಸಿದರೆ ಭತ್ತದ ಕೋಶಗಳಲ್ಲಿ ಪಿಷ್ಟ ಒಡೆಯುವ ಎಂಜೈಮ್ ಆಲ್ಫಾ-ಅಮೈಲೇಸ್ ಏರುತ್ತದೆಂದು ತೈವಾನಿನ ಸು-ಮೇ ಯು ತಂಡ 1991ರಲ್ಲೇ ತೋರಿಸಿದೆ. ಅದನ್ನೇ ದ್ರವದಲ್ಲಿ ತೇಲಿಸಿ ಬೆಳೆಸಿದ ಖಾನಾಪುರದ ಭತ್ತದ ಕೋಶಗಳ ಸಸ್ಪೆನ್ಷನ್‌ನಲ್ಲಿ, ಬೆಳಗಾವಿಯ ಸಣ್ಣ ಲ್ಯಾಬಿನಲ್ಲಿ, ಬರೀ ಅಯೋಡಿನ್ ಬಣ್ಣ ನೋಡಿ ಅಳೆಯುತ್ತೇನೆಂದಾಗ ‘ಕಿಟ್ ಇಲ್ಲದ ಆಗೂದಿಲ್ರೀ’ ಅಂದವರೇ ಹೆಚ್ಚು. ಆಯಿತು. 48 ಗಂಟೆಗೆ ಸುಮಾರು ಐದಾರು ಪಟ್ಟು ಏರಿತು.

ಸಬ್‌ಕಲ್ಚರ್ (ಹೊಸ ಮೀಡಿಯಾಕ್ಕೆ ಬದಲಾವಣೆ) ಆದ ನಾಲ್ಕೈದನೇ ದಿನದ ಕೋಶಗಳೇ ಬೇಕು. ನೈಲಾನ್ ಜಾಲರಿಯಲ್ಲಿ ಸೋಸಿ, ಸಕ್ಕರೆಯಿಲ್ಲದ ಎಂಎಸ್ ಮೀಡಿಯಾದಲ್ಲಿ (ಮುರಾಶಿಗೆ-ಸ್ಕೂಗ್ ಪೋಷಕ ದ್ರವ) ಮೂರು ಸಲ ತೊಳೆದು, 50 ಮಿ.ಲೀ.ಗೆ 2 ಗ್ರಾಂ ಹಾಕುತ್ತೇನೆ. ಲೀಟರಿಗೆ 30 ಗ್ರಾಂ ಸುಕ್ರೋಸ್ ಬದಲು ಕೋಶ ಆಹಾರವಾಗಿ ಅಷ್ಟಾಗಿ ಬಳಸದ ಮ್ಯಾನಿಟಾಲ್ 16 ಗ್ರಾಂ. ಎರಡೂ 88 ಮಿಲಿಮೋಲಾರ್ ಆಸುಪಾಸು. ಇದನ್ನು ಬಿಟ್ಟರೆ ಏರಿಕೆ ಹಸಿವಿನಿಂದ ಬಂತೋ ಆಸ್ಮೋಟಿಕ್ ಒತ್ತಡದಿಂದ ಬಂತೋ ತಿಳಿಯುವುದಿಲ್ಲ. ಎಳನೀರು ಸೇರಿಸಿದ ಮೀಡಿಯಾ ಬೇಡವೇ ಬೇಡ, ಅದರಲ್ಲೇ ಸಕ್ಕರೆ ಇದೆ.

ದುಡ್ಡು ಹಾಳಾದದ್ದು ಡಿಎನ್‌ಎಸ್‌ನಲ್ಲಿ, ಅಂದರೆ ಪಿಷ್ಟ ಒಡೆದು ಬಂದ ಸಕ್ಕರೆಯನ್ನು ಕೆಂಪು ಬಣ್ಣದಿಂದ ಅಳೆಯುವ ವಿಧಾನದಲ್ಲಿ. ಸಕ್ಕರೆಯಿಟ್ಟ ಕಂಟ್ರೋಲ್ ಫ್ಲಾಸ್ಕಿನ ಕೋಶಗಳು ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಮಾಡಿಟ್ಟಿರುತ್ತವೆ, ಹಾಗಾಗಿ ಎಂಜೈಮ್ ಕೆಲಸ ಶುರುವಾಗದ ಬ್ಲ್ಯಾಂಕೇ ಕೆಂಪಗಾಗುತ್ತದೆ. ಸಕ್ಕರೆ ತೆಗೆಯಲು ಜಿ-25 ಕಾಲಮ್ (ಸಣ್ಣ ಅಣುಗಳನ್ನು ಬೇರ್ಪಡಿಸುವ ಜೆಲ್ ನಳಿಕೆ) ಹಿಡಿದರೆ ಸ್ಯಾಂಪಲಿಗೆ ನೂರು ರೂಪಾಯಿ ಮೇಲೆ. ಪಿಷ್ಟ ಅಯೋಡಿನ್‌ಗೆ ನೀಲಿಯಾಗುತ್ತದೆ, ಎಂಜೈಮ್ ಪಿಷ್ಟ ಒಡೆದಷ್ಟೂ ನೀಲಿ ಇಳಿಯುತ್ತದೆ. ಅಯೋಡಿನ್‌ನಲ್ಲಿ ಒಂದೆರಡು ರೂಪಾಯಿ: 1 ಮಿ.ಲೀ. 0.2% ಪಿಷ್ಟ, 0.1 ಮಿ.ಲೀ. ಎಂಜೈಮಿರುವ ಸಾರ, 37 ಡಿಗ್ರಿಯಲ್ಲಿ 10 ನಿಮಿಷ, ಆಮ್ಲ ಬೆರೆಸಿದ ಅಯೋಡಿನ್‌ನಿಂದ ನಿಲ್ಲಿಸಿ 620 ನ್ಯಾನೋಮೀಟರ್ ಬೆಳಕಿನಲ್ಲಿ ಓದುವುದು. ಬಣ್ಣ ಅರ್ಧಕ್ಕಿಂತ ಇಳಿದರೆ ಆ ಓದು ನಂಬಬೇಡಿ, ಸಾರವನ್ನು ತೆಳು ಮಾಡಿ. ಪಿಷ್ಟದ ದ್ರಾವಣ ವಾರಗಟ್ಟಲೆ ಕೆಡದಂತೆ ಇಡುವ ಉಪಾಯ ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ.

ಪಿಷ್ಟ ಒಡೆಯುವ ಇನ್ನೊಂದು ಎಂಜೈಮ್ ಬೀಟಾ-ಅಮೈಲೇಸನ್ನು ಕೊಲ್ಲಲು ಬಾರ್ಲಿಯಲ್ಲಿ ಕೆಲಸ ಮಾಡುವವರು 70 ಡಿಗ್ರಿಗೆ ಕಾಯಿಸುತ್ತಾರೆ. ಇಲ್ಲಿ ಅದು ನಡೆಯದು. ಹಸಿವಿಗೆ ಏಳುವ ಆಲ್ಫಾ-ಅಮೈಲೇಸ್ ರೂಪ ಎಎಂವೈ3ಡಿ ಅಷ್ಟು ಶಾಖ ತಾಳುವುದಿಲ್ಲ, ಅಳೆಯಬೇಕಾದದ್ದೇ ಸತ್ತುಹೋಗುತ್ತದೆ. ಬಫರಿನಲ್ಲಿ ಇಡಿಟಿಎ, ಸಿಟ್ರೇಟ್ ಬೇಡ, ಆಲ್ಫಾ-ಅಮೈಲೇಸಿಗೆ ಬೇಕಾದ ಕ್ಯಾಲ್ಸಿಯಂ ಎಳೆದುಕೊಳ್ಳುತ್ತವೆ. ಅಸಿಟೇಟ್ ಜೊತೆ 5 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಸಾಕು.

ಕೋಶ ಅರೆದು ಮೀಡಿಯಾ ಚೆಲ್ಲುವವರು ಎಂಜೈಮನ್ನೂ ಚೆಲ್ಲುತ್ತಾರೆ, ಯಾಕೆಂದರೆ ಅದರ ದೊಡ್ಡ ಪಾಲು ಹೊರಗೆ ಸ್ರವಿಸಿರುತ್ತದೆ. ಎರಡನ್ನೂ ಅಳೆದು ಕೂಡಿಸಿ. ಲೆಕ್ಕ ಪ್ರತಿ ಫ್ಲಾಸ್ಕಿಗೆ ಇರಲಿ. ಉಪವಾಸದಲ್ಲಿ ಕೋಶ ತನ್ನ ಪ್ರೋಟೀನನ್ನೇ ಕರಗಿಸಿಕೊಳ್ಳುತ್ತದೆ. ಮಿಲಿಗ್ರಾಂ ಪ್ರೋಟೀನಿಗೆ ಲೆಕ್ಕ ಹಾಕಿದರೆ ಏರದ ಎಂಜೈಮೂ ಏರಿದಂತೆ ಕಾಣುತ್ತದೆ. ನನ್ನ ಐದಾರು ಪಟ್ಟು ಆ ಲೆಕ್ಕದಲ್ಲಿ ಹತ್ತರ ಹತ್ತಿರ ಹೋಗುತ್ತಿತ್ತು.

ಗ್ಲೂಕೋಸ್ ಮರಳಿ ಕೊಟ್ಟೂ ನೋಡಿದೆ, ಏರಿಕೆ ಅಲ್ಲಿಗೇ ನಿಂತಿತು. ಸುಕ್ರೋಸ್ ಬದಲು ಮಹಾಲಿಂಗಪುರದ ಬೆಲ್ಲ ಹಾಕಿದಾಗ ಕ್ಯಾಲಸ್ (ಕೋಶಗಳ ಗಡ್ಡೆ) ಚೆನ್ನಾಗಿ ಬೆಳೆಯಿತು, ಆದರೆ ಆಟೋಕ್ಲೇವ್‌ನಲ್ಲಿ ಮೀಡಿಯಾ ಚಹಾದಂತೆ ಕಪ್ಪಾಗಿ 620ರ ಓದು ಕೆಟ್ಟಿತು. ಬೆಲ್ಲ ಈಗ ಕ್ಯಾಲಸ್ ಕಾಯ್ದಿಡಲು ಮಾತ್ರ.