ಮೊದಲ ಡರ್ಟ್ ಬೈಕ್: 450 ಸಿಸಿಗೆ ಕೈ ಹಾಕುವ ಮುಂಚೆ

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಹುಡುಗರಿಗೆ ಡರ್ಟ್ ಬೈಕ್ ಆಸೆ ಹುಟ್ಟುವುದು ಸಹಜ. ಮನೆಯಿಂದ ತೋಟದ ಗೇಟಿಗೆ ಹೋಗುವ ದಾರಿಯೇ ಮಣ್ಣು. ರ‍್ಯಾಲಿ ಬಂದಾಗ ಕಾಫಿ ಗಿಡಗಳ ನಡುವೆ ನಿಂತು ನೋಡಿ ಬೆಳೆದವರು ಬೇರೆ. ಹಾಗಾಗಿ ಕೊಳ್ಳುವ ಮಾತು ಬಂದರೆ ನೇರ 450 ಸಿಸಿ. ‘ಆಮೇಲೆ ಹೇಗಿದ್ರೂ ದೊಡ್ಡದೇ ಬೇಕಾಗುತ್ತೆ, ಈಗಲೇ ತಗೊಂಡ್ರೆ ದುಡ್ಡು ಉಳಿಯುತ್ತಲ್ವಾ’ ಎಂಬ ಲೆಕ್ಕ. ಕಲಿಯುವವರ ಮಟ್ಟಿಗೆ ಈ ಲೆಕ್ಕ ತಪ್ಪು. ಹೊಸಬರ ಕೈಯ ಸಣ್ಣ ತಪ್ಪನ್ನೂ ಇಂಥ ಬೈಕ್ ಕ್ಷಮಿಸುವುದಿಲ್ಲ.

ಹಂತ 1: ಸಿಸಿ ಬಿಡಿ, ಪವರ್ ಮತ್ತು ತೂಕ ನೋಡಿ

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 452 ಸಿಸಿ, ಕವಾಸಾಕಿ ಕೆಎಕ್ಸ್450 449 ಸಿಸಿ. ಕಾಗದದ ಮೇಲೆ ಅಣ್ಣತಮ್ಮಂದಿರು. ಆದರೆ ಹಿಮಾಲಯನ್ ಪವರ್ 40 ಎಚ್‌ಪಿ (ಹಾರ್ಸ್‌ಪವರ್) ಆಸುಪಾಸು, ತೂಕ 196 ಕಿಲೋ. ಕೆಎಕ್ಸ್450 ಮೋಟೋಕ್ರಾಸ್, ಅಂದರೆ ಮಣ್ಣಿನ ಟ್ರ್ಯಾಕಿನ ರೇಸಿಗೆಂದೇ ಮಾಡಿದ್ದು: 50 ಎಚ್‌ಪಿಗಿಂತ ಜಾಸ್ತಿ, ತೂಕ ಸುಮಾರು 113 ಕಿಲೋ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಹೀರೋ ಎಕ್ಸ್‌ಪಲ್ಸ್ 200 4ವಿ ಸುಮಾರು 19 ಎಚ್‌ಪಿ, 159 ಕಿಲೋ. ಒಂದೊಂದು ಕಿಲೋಗೆ ಎಷ್ಟು ಪವರ್ ಎಂದು ಭಾಗಿಸಿದರೆ ರೇಸ್ ಬೈಕ್ ಎಕ್ಸ್‌ಪಲ್ಸ್‌ನ ಸುಮಾರು ನಾಲ್ಕು ಪಟ್ಟು.

ಟೂ ಸ್ಟ್ರೋಕ್ ಆದರೆ ಸಿಸಿ ಇನ್ನೂ ಮೋಸ ಮಾಡುತ್ತದೆ. ಹಳೆಯ ಯಮಹಾ ಆರ್‌ಎಕ್ಸ್ 100 ಓಡಿಸಿದವರಿಗೆ ಗೊತ್ತು, ಒಂದು ಹಂತದವರೆಗೆ ಸುಮ್ನಿದ್ದು ಆಮೇಲೆ ಒಮ್ಮೆಗೇ ಎಳೆಯುತ್ತದೆ. ಅದರದ್ದು ಬರೀ 11 ಎಚ್‌ಪಿ. ಟೂ ಸ್ಟ್ರೋಕ್ ಮೋಟೋಕ್ರಾಸ್‌ನಲ್ಲಿ ಬರೀ 125 ಸಿಸಿಯಿಂದಲೇ 35 ಎಚ್‌ಪಿ ಆಸುಪಾಸು ಬರುತ್ತದೆ, ಅದೂ ಹಾಗೇ ಒಮ್ಮೆಗೇ. ‘ಬರೀ 125 ಅಲ್ವಾ’ ಎಂದು ಹತ್ತಿದವರು ಮೊದಲ ತಿರುವಿನಲ್ಲೇ ಬೇಲಿಗೆ ನುಗ್ಗುತ್ತಾರೆ.

ಹಂತ 2: ಬೀಳುವುದು ಹೇಗೆ ಎಂದು ತಿಳಿಯಿರಿ

ಹೊಸಬರು ಬೀಳುವ ಒಂದು ಮಾಮೂಲಿ ಬಗೆ ಇದೆ. ಗುಂಡಿಯೋ ಬೇರೋ ತಾಗಿ ಗಾಡಿ ಮುಂದಕ್ಕೆ ಜಗ್ಗುತ್ತದೆ. ಮೈ ಹಿಂದಕ್ಕೆ ವಾಲುತ್ತದೆ. ಬೀಳಬಾರದೆಂದು ಹ್ಯಾಂಡಲ್ ಗಟ್ಟಿಯಾಗಿ ಹಿಡಿಯುತ್ತಾರೆ. ಹಾಗೆ ಹಿಡಿದು ನೇತಾಡುವಾಗ ಬಲಗೈ ಮಣಿಕಟ್ಟು ಕೆಳಗಿಳಿದು ಆಕ್ಸಿಲರೇಟರ್ ಇನ್ನಷ್ಟು ತಿರುಗುತ್ತದೆ. ಗಾಡಿ ಇನ್ನೂ ಜಗ್ಗುತ್ತದೆ, ಮೈ ಇನ್ನೂ ಹಿಂದೆ ಹೋಗುತ್ತದೆ. 19 ಎಚ್‌ಪಿಯಲ್ಲಿ ಇದು ನಡೆದರೆ ಎದೆ ಧಸಕ್ ಎನ್ನುತ್ತದೆ, ಸಾಮಾನ್ಯವಾಗಿ ಅಷ್ಟೇ. 50 ಎಚ್‌ಪಿಯಲ್ಲಿ ಯೋಚಿಸಲು ಪುರುಸೊತ್ತೇ ಇಲ್ಲ, ಮುಂದಿನ ಚಕ್ರ ಎದ್ದಿರುತ್ತದೆ.

ಇದಕ್ಕೆ ಮದ್ದು ಎಡಗೈಯಲ್ಲಿದೆ. ಒಂದೋ ಎರಡೋ ಬೆರಳು ಯಾವಾಗಲೂ ಕ್ಲಚ್ ಮೇಲಿರಲಿ. ಗಾಬರಿಯಾದ ತಕ್ಷಣ ಕ್ಲಚ್ ಹಿಡಿಯುವುದು ಅಭ್ಯಾಸವಾಗಬೇಕು. ಮೊಣಕಾಲಿನಲ್ಲಿ ಟ್ಯಾಂಕ್ ಒತ್ತಿ ಹಿಡಿಯಿರಿ, ಕೈ ಸಡಿಲವಿರಲಿ. ಈ ಅಭ್ಯಾಸ ಸಣ್ಣ ಬೈಕಿನಲ್ಲೇ ಬರುವುದು.

ಹಂತ 3: ಕೂತು ನೋಡಿ, ಎತ್ತಿ ನೋಡಿ

ಎಕ್ಸ್‌ಪಲ್ಸ್ 200 4ವಿ ಸೀಟಿನ ಎತ್ತರ 825 ಮಿ.ಮೀ. ಕವಾಸಾಕಿ ಕೆಎಲ್‌ಎಕ್ಸ್ 230ರದ್ದು 880. ಕೆಎಕ್ಸ್450ರದ್ದು 960 ಆಸುಪಾಸು, ಐದೂವರೆ ಅಡಿಯವರಿಗೆ ಒಂದು ಕಾಲಿನ ತುದಿ ಮುಟ್ಟಿದರೆ ಹೆಚ್ಚು. ಸಮತಟ್ಟು ಶೋರೂಮಿನಲ್ಲಿ ನಡೆದೀತು. ಒಂದು ಬದಿ ಇಳಿಜಾರಿರುವ ತೋಟದ ದಾರಿಯಲ್ಲಿ ಕಾಲಿಡಲು ನೆಲವೇ ಸಿಗುವುದಿಲ್ಲ. ಇನ್ನೊಂದು ಪರೀಕ್ಷೆ: ಗೆಳೆಯರ ಬೈಕನ್ನು ಹುಲ್ಲಿನ ಮೇಲೆ ಮಲಗಿಸಿ ಒಬ್ಬರೇ ಎತ್ತಿ. ಮೂರನೇ ಸಲಕ್ಕೆ ಸೊಂಟ ಹಿಡಿದರೆ ಆ ತೂಕ ನಿಮಗಲ್ಲ.

ಹಂತ 4: ಜಾಗ ನೋಡಿಕೊಳ್ಳಿ

ಹೆಡ್‌ಲೈಟ್, ಇಂಡಿಕೇಟರ್ ಇಲ್ಲದ ಮೋಟೋಕ್ರಾಸ್ ಬೈಕಿಗೆ ರಿಜಿಸ್ಟ್ರೇಷನ್ ಆಗುವುದಿಲ್ಲ. ಒಂದು ತೋಟದಿಂದ ಇನ್ನೊಂದಕ್ಕೆ ರಸ್ತೆ ದಾಟಿಸಬೇಕಾದರೂ ಪಿಕಪ್‌ನಲ್ಲೇ ಸಾಗಿಸಬೇಕು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಯ ಹುಲ್ಲುಗಾವಲಿಗೆ ಗಾಡಿ ನುಗ್ಗಿಸಬೇಡಿ. ಅಲ್ಲಿ ಚಕ್ರ ಗೀರಿದ ಗುರುತು ಮಳೆಗಾಲದಲ್ಲಿ ನೀರು ಹರಿಯುವ ಕಾಲುವೆಯೇ ಆಗುತ್ತದೆ. ಮೀಸಲು ಅರಣ್ಯಕ್ಕೆ ಅನುಮತಿ ಇಲ್ಲದೆ ಹೋದರೆ ಕೇಸೂ ಬೀಳುತ್ತದೆ. ಕೊಯ್ಲಾದ ಗದ್ದೆ ಬಯಲು ಎಲ್ಲಕ್ಕಿಂತ ಒಳ್ಳೆಯದು, ಮಾಲೀಕರನ್ನು ಕೇಳಿ. ಆಲೂರು, ಸಕಲೇಶಪುರ, ಮೂಡಿಗೆರೆ ಕಡೆಯವರು ಕತ್ತಲಾಗುವ ಮುಂಚೆ ಮನೆ ಸೇರಿ. ಎಂಜಿನ್ ಸದ್ದಿನಲ್ಲಿ ಆನೆ ಬಂದದ್ದು ಗೊತ್ತಾಗುವುದಿಲ್ಲ.

ಹಂತ 5: ಕಲಿಯುವ ಕ್ರಮ

ಮೊದಲು ಹೆಲ್ಮೆಟ್, ಗಟ್ಟಿ ಬೂಟು, ಮೊಣಕಾಲು ಮೊಣಕೈ ಗಾರ್ಡ್. ಬೈಕಿನ ಬಜೆಟ್‌ನಿಂದಲೇ ಇದಕ್ಕೆ ತೆಗೆದಿಡಿ.

ಫಸ್ಟ್ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ, ಬರೀ ಕ್ಲಚ್‌ನಲ್ಲಿ ನಿಧಾನ ಓಡಿಸಿ. ನಂತರ ಎರಡು ಕಲ್ಲಿಟ್ಟು ಎಂಟರ ಆಕಾರದಲ್ಲಿ ಸುತ್ತಿ. ಅದು ಬಂದ ಮೇಲೆ ಫುಟ್‌ರೆಸ್ಟ್ ಮೇಲೆ ನಿಂತು ಅದನ್ನೇ ಮಾಡಿ. ಬ್ರೇಕ್ ಕಲಿಯುವಾಗ ಮುಂದಿನದನ್ನು ಒಮ್ಮೆಗೇ ಹಿಂಡದೆ ಮೆಲ್ಲಗೆ ಒತ್ತುತ್ತಾ ಹೋಗಿ.

ಏರಿನಲ್ಲಿ ಗಾಡಿ ನಿಂತುಹೋದರೆ ಏನು ಮಾಡಬೇಕು ಎಂಬುದನ್ನು ಸಣ್ಣ ದಿಬ್ಬದಲ್ಲೇ ಕಲಿಯಿರಿ. ಅಲ್ಲಿ ಭಾರವೆಲ್ಲ ಹಿಂದಿನ ಚಕ್ರದ ಮೇಲಿರುತ್ತದೆ, ಬರೀ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಜಾರಿ ಗಾಡಿ ಹಿಂದಕ್ಕೆ ಬರುತ್ತದೆ. ಎಂಜಿನ್ ಆಫ್ ಮಾಡಿ, ಗೇರಿನಲ್ಲೇ ಬಿಟ್ಟು ಕ್ಲಚ್ ಬಿಡಿ. ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಇಳಿಯುವುದು ಮೇಲಿನ ಬದಿಗೆ.

ಮಳೆಗಾಲದಲ್ಲಿ ಕೆಂಪು ಕೆಸರಿಗೆ ಹೆದರುತ್ತಾರೆ. ನನ್ನ ಪ್ರಕಾರ ಪಾಚಿ ಹಿಡಿದ ಸಿಮೆಂಟ್ ರಸ್ತೆ ಅದಕ್ಕಿಂತ ಅಪಾಯ. ದಪ್ಪ ಗುಬ್ಬಿಗಳಿರುವ ಬಟನ್ ಟೈರ್ ಕೆಸರಲ್ಲಿ ಕಚ್ಚುತ್ತದೆ, ಒದ್ದೆ ಸಿಮೆಂಟಲ್ಲಿ ಕಚ್ಚಲು ಏನೂ ಸಿಗುವುದಿಲ್ಲ.

ತರಬೇತಿಗೆ ಹೋಗಬೇಕೆಂದರೆ, ಮರುಭೂಮಿಯಲ್ಲಿ ನಡೆಯುವ ಡಕಾರ್ ರ‍್ಯಾಲಿಯಲ್ಲಿ ಬೈಕ್ ಓಡಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕೋಲಾರದ ಕಡೆ ಡರ್ಟ್ ಪಾರ್ಕ್ ಕಟ್ಟಿದ್ದಾರೆ. ಅಂಥ ಕಡೆ ಅವರದ್ದೇ ಬೈಕಿನಲ್ಲಿ ಕಲಿಯಬಹುದಾದರೆ ಕೊಳ್ಳುವ ಮುಂಚೆಯೇ ಹೋಗಿ ಬನ್ನಿ.

ಹಂತ 6: ದೊಡ್ಡದಕ್ಕೆ ಯಾವಾಗ?

ಸಣ್ಣ ಬೈಕಿನ ಆಕ್ಸಿಲರೇಟರನ್ನು ಮಣ್ಣಿನಲ್ಲಿ ಪೂರ್ತಿ ತಿರುಗಿಸಿಯೂ ‘ಸಾಲ್ತಾ ಇಲ್ಲ’ ಅನಿಸಿದಾಗ. ಆಗಲೂ ನೇರ ರೇಸ್ ಬೈಕಿಗೆ ಹೋಗದೆ ಕೆಟಿಎಂ 390 ಎಂಡ್ಯೂರೋ ಆರ್‌ನಂಥದ್ದನ್ನು ಮೊದಲು ನೋಡಿ. ಅದೂ 46 ಎಚ್‌ಪಿಯದ್ದೇ. ಆದರೆ ನಂಬರ್ ಪ್ಲೇಟ್ ಸಿಗುತ್ತದೆ, ಸರ್ವೀಸ್‌ಗೆ ಬೆಂಗಳೂರಿಗೆ ಅಲೆಯಬೇಕಿಲ್ಲ.

ಸೆಕೆಂಡ್ ಹ್ಯಾಂಡ್ ಮೋಟೋಕ್ರಾಸ್ ನೋಡಲು ಹೋದರೆ ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳಬೇಡಿ. ಇವುಗಳ ಲೆಕ್ಕ ಗಂಟೆಯಲ್ಲಿ. ಆಯಿಲ್ ಬದಲಿಸುವುದೂ ಪಿಸ್ಟನ್ ಹಾಕುವುದೂ ಓಡಿದ ಗಂಟೆ ನೋಡಿಯೇ. ಏರ್ ಫಿಲ್ಟರ್ ಬಿಚ್ಚಿಸಿ ಒಳಬದಿಗೆ ಬೆರಳಾಡಿಸಿ. ಧೂಳು ಹತ್ತಿದರೆ ಆ ಧೂಳು ಎಂಜಿನ್ನಿಗೂ ಹೋಗಿದೆ, ವಾಪಸ್ ಬನ್ನಿ.