ಜಡಿಮಳೆಯಲ್ಲಿ ನಾಯಿಯನ್ನು ಕರೆಯುವುದು

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಆಚೆ ಕಾಡು. ಜುಲೈನಲ್ಲಿ ತೋಟದ ಈ ತುದಿಯಿಂದ ಕೂಗಿದರೆ ಆ ತುದಿಗೆ ಕೇಳುವುದಿಲ್ಲ. ಆದರೆ ಇಲ್ಲಿ ಕರೆದಾಗ ನಾಯಿ ಬರಲೇಬೇಕು. ಚಿರತೆ ಓಡಾಡುವ ಜಾಗ ಇದು. ಹಂದಿಯ ಬೆನ್ನು ಹತ್ತಿ ಹೋಗಿ ಹೊಟ್ಟೆ ಸೀಳಿಸಿಕೊಂಡು ಬಂದ ನಾಯಿಗೆ ನಾನೇ ಹೊಲಿಗೆ ಹಾಕಿಸಿದ್ದೇನೆ.

ಊರವರ ನಾಯಿಗಳಿಗೆ ತರಬೇತಿ ಕೊಡಲು ಶುರುಮಾಡಿ 12 ವರ್ಷವಾಯಿತು. ರಿಮೋಟ್ ಕಾಲರ್, ಅಂದರೆ ದೂರದಿಂದ ಗುಂಡಿ ಒತ್ತಿ ನಾಯಿಗೆ ಸೂಚನೆ ಕೊಡುವ ಕುತ್ತಿಗೆ ಬೆಲ್ಟ್, ಮಾತ್ರ ಬಹಳ ದಿನ ಮುಟ್ಟಿರಲಿಲ್ಲ. ಅದಕ್ಕೆ ಒಂದು ಲ್ಯಾಬ್ರಡಾರ್ ಕಾರಣ. ದನ ಅಟ್ಟಿಸಿಕೊಂಡು ಹೋಗುತ್ತದೆ ಎಂದು ಅದರ ಯಜಮಾನರು ಕರೆಂಟು ಕೊಡುವ ಬೆಲ್ಟ್ ಕಟ್ಟಿ, ದನದ ಹತ್ತಿರ ಹೋದಾಗಲೆಲ್ಲ ಗುಂಡಿ ಒತ್ತಿದ್ದರು. ನನ್ನ ಹತ್ತಿರ ತಂದಾಗ ಅದು ಕೊಟ್ಟಿಗೆಯ ಗಂಟೆ ಸದ್ದು ಕೇಳಿದರೂ ಮಂಚದಡಿ ಸೇರುತ್ತಿತ್ತು. ನೋವಾದ ಕ್ಷಣದಲ್ಲಿ ಕಣ್ಣೆದುರು ಏನಿದೆಯೋ ಅದರಿಂದಲೇ ನೋವು ಬಂತು ಎಂದು ನಾಯಿ ತಿಳಿಯುತ್ತದೆ. ತನ್ನ ತಪ್ಪಿಗೆ ಎಂದು ಅದಕ್ಕೆ ಹೇಗೆ ಗೊತ್ತಾಗಬೇಕು, ಅಲ್ವಾ?

ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಆಮೇಲೆ ಓದಿದೆ. ಕರೆದರೆ ಬಾರದ, ಕುರಿ ಅಟ್ಟುವಂಥ 63 ನಾಯಿಗಳ ಮೇಲೆ ನಡೆಸಿದ್ದು. ತಿಂಡಿ ಕೊಟ್ಟು ಕಲಿಸಿದ್ದಕ್ಕಿಂತ ಶಾಕ್ ಕಾಲರಿನಿಂದ ಹೆಚ್ಚಿನ ಲಾಭವೇನೂ ಕಂಡಿರಲಿಲ್ಲ. ವೇಲ್ಸ್‌ನಲ್ಲಂತೂ 2010ರಿಂದಲೇ ಅದನ್ನು ಬಳಸುವಂತಿಲ್ಲ.

ಆದರೂ ಮಳೆಯ ತೊಂದರೆ ಹಾಗೇ ಇತ್ತಲ್ಲ. ಕೊನೆಗೆ ನಮ್ಮ ನಾಯಿ ಕರಿಯನಿಗೆ ಬರೀ ಅದುರುವ ಕಾಲರ್ ತಂದೆ. ಕರೆಂಟಿನ ಗುಂಡಿಯೇ ಇಲ್ಲದ್ದು.

ತಂದ ಕೂಡಲೇ ಕಟ್ಟಲಿಲ್ಲ. ಮೊದಲು ಎರಡು ತಿಂಗಳು 30 ಅಡಿ ಹಗ್ಗ, ಬೇಯಿಸಿದ ಕೋಳಿ ಲಿವರ್, ಇಷ್ಟೇ. "ಬಾ" ಅನ್ನುವುದು ಒಂದೇ ಸಲ. ಅವನು ತಿರುಗಿದ ಕೂಡಲೇ ನಾನು ಹಿಂದಕ್ಕೆ ಓಡುತ್ತಿದ್ದೆ. ನಾಯಿ ತಾನಾಗಿ ಬೆನ್ನಟ್ಟಿ ಬರುತ್ತದೆ. ಬಂದು ಮುಟ್ಟಿದ ಕ್ಷಣವೇ ತಿಂಡಿ ಬಾಯಿಗೆ. ಜೇಬಿನಲ್ಲಿ ಹುಡುಕುತ್ತಾ ನಿಂತರೆ ಕೆಟ್ಟಿತು. ತಿಂಡಿ ಕೊಟ್ಟು ಮತ್ತೆ ಆಡಲು ಬಿಡುವುದೇ ಈ ಇಡೀ ಕೆಲಸದ ಜೀವ. ಹತ್ತು ಸಲ ಕರೆದರೆ ಒಂಬತ್ತು ಸಲ ಬಿಡುತ್ತಿದ್ದೆ. ನಮ್ಮಲ್ಲಿ ಸರಪಳಿ ಹಾಕಲು ಮಾತ್ರ ನಾಯಿಯನ್ನು ಕರೆಯುತ್ತೇವೆ. ಅದು ಬರದೆ ಇದ್ದರೆ ಬೈಯುತ್ತೇವೆ.

ಆಮೇಲೆ ಕಾಲರ್. ಮೊದಲು ಮೂರು ದಿನ ಸುಮ್ನೆ ಕಟ್ಟಿ ಬಿಚ್ಚಿದೆ. ನಾಲ್ಕನೇ ದಿನ ಜಗಲಿಯಲ್ಲಿ ಕೂತು ತೀರಾ ಸಣ್ಣದಾಗಿ ಅದುರಿಸಿದೆ, ತಕ್ಷಣ ಲಿವರ್ ಕೊಟ್ಟೆ. ಕರಿಯ ಕಿವಿ ಒದರಿದ, ತಿಂದ. ಅಷ್ಟಕ್ಕೇ ಬೆದರುವ ನಾಯಿಗಳೂ ಇವೆ. ಅಂಥವಕ್ಕೆ ನಾನು ಇದನ್ನು ಕಟ್ಟುವುದೇ ಇಲ್ಲ. ವಾರದಲ್ಲಿ ಕುತ್ತಿಗೆ ಅದುರಿದರೆ ಅವನು ನನ್ನ ಮುಖ ನೋಡತೊಡಗಿದ. ಅಲ್ಲಿಂದ ಅಂಗಳಕ್ಕೆ, ಹಗ್ಗ ಕಟ್ಟಿಯೇ. ಮೊದಲು ಅದುರು, ಅದರ ಬೆನ್ನಿಗೇ "ಬಾ". ಈ ಕ್ರಮ ತಿರುಗಾ ಮುರುಗಾ ಆಗಬಾರದು. ಹಳೆಯ ಕರೆ ಮೊದಲು ಬಂದರೆ ನಾಯಿ ಹೊಸದನ್ನು ಗಮನಿಸುವುದೇ ಇಲ್ಲ.

ಕಾಲರಿನ ಪೆಟ್ಟಿಗೆಯ ಮೇಲೆ ಬರೆದ, ಸಿಗ್ನಲ್ ತಲುಪುವ ದೂರ ಬಯಲಿಗೆ ಮಾತ್ರ ಸರಿ. ನಮ್ಮ ಏರು ತಗ್ಗಿನಲ್ಲಿ, ಮರಗಳ ನಡುವೆ ಅದರ ಅರ್ಧವೂ ಸಿಗಲಿಲ್ಲ. ತೋಟದಲ್ಲಿ ನಡೆದು ನೋಡಿ, ಸಿಗ್ನಲ್ ಸಿಗುವಷ್ಟು ಜಾಗದಲ್ಲೇ ಅವನನ್ನು ಬಿಡುತ್ತೇನೆ.

ಆಷಾಢದ ಒಂದು ಸಂಜೆ ಕರಿಯ ಬೇಲಿಯ ಹತ್ತಿರ ಏನನ್ನೋ ಮೂಸುತ್ತಾ ಕಾಡಿನ ಕಡೆ ತಿರುಗಿದ್ದ. ಮಳೆ ಹೊಯ್ಯುತ್ತಿತ್ತು. ಗುಂಡಿ ಒತ್ತಿದೆ. ತಲೆ ಎತ್ತಿದ, ಕಿವಿ ಹಾರಿಸಿಕೊಂಡು ಒಂದೇ ಓಟದಲ್ಲಿ ಬಂದ. ನನಗೆ ಕಣ್ಣು ತುಂಬಿತು. ಜೇಬಿನಲ್ಲಿದ್ದ ಲಿವರ್ ಅಷ್ಟನ್ನೂ ಕೊಟ್ಟೆ.

ಮನೆಗೆ ಬಂದ ಕೂಡಲೇ ಕಾಲರ್ ಬಿಚ್ಚುತ್ತೇನೆ. ಒದ್ದೆ ಕೂದಲ ಮೇಲೆ ಬಿಗಿಯಾಗಿ ಕೂತರೆ ಚರ್ಮ ಹುಣ್ಣಾಗುತ್ತದೆ. ಒಂದು ಬೆರಳು ಆಡುವಷ್ಟು ಸಡಿಲ ಇರಬೇಕು. ಕುತ್ತಿಗೆ ಒರೆಸುವಾಗ ಉಣುಗು ಇದೆಯೇ ಎಂದೂ ನೋಡುತ್ತೇನೆ, ಬೇಸಿಗೆಯಲ್ಲಿ ಜಾಸ್ತಿ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಸೀಮೆ ನಮ್ಮದು.