ಮಗುವಿನ ಐಬಿಡಿ ಬಗ್ಗೆ ಸಂಶೋಧನೆ ಓದಿ, ಡಾಕ್ಟರ್ ಹತ್ತಿರ ಸರಿಯಾದ ಪ್ರಶ್ನೆ ಕೇಳುವುದು ಹೇಗೆ

ಮಗುವಿಗೆ ಕ್ರೋನ್ಸ್ ಇದೆ, ಅಥವಾ ಅಲ್ಸರೇಟಿವ್ ಕೊಲೈಟಿಸ್ ಇದೆ ಅಂತ ಗೊತ್ತಾದ ವಾರದಲ್ಲೇ ಫೋನಿಗೆ ಲಿಂಕುಗಳು ಬರಲು ಶುರು. (ಕರುಳಿನಲ್ಲಿ ಉರಿಯೂತ ಬಹಳ ಕಾಲ ಉಳಿಯುವ ಈ ಕಾಯಿಲೆಗಳನ್ನು ಸೇರಿಸಿ ಐಬಿಡಿ ಅನ್ನುತ್ತಾರೆ.) ಗಲ್ಫಿನಲ್ಲಿರುವ ಮಾವ ಒಂದು ಕಳಿಸುತ್ತಾರೆ, ಬೆಂಗಳೂರಿನ ಅಕ್ಕ ಇನ್ನೊಂದು. "ಈ ಇಂಜೆಕ್ಷನ್‌ನಲ್ಲಿ ನೂರಕ್ಕೆ 88 ಮಕ್ಕಳಿಗೆ ಗುಣ ಸಿಕ್ಕಿತಂತೆ." "ಬರೀ ಹಾಲಿನಂಥ ಪುಡಿ ಕುಡಿಸಿದರೆ ಸಾಕಂತೆ." ಎರಡೂ ಪೂರ್ತಿ ಸುಳ್ಳಲ್ಲ, ಆದರೆ ಅಷ್ಟನ್ನೇ ನಂಬಿ ಹೊರಟರೆ ಕಷ್ಟ. ಬದಿಯಡ್ಕ, ಪೆರ್ಲ, ಕುಂಬಳೆ, ಮಂಜೇಶ್ವರದಿಂದ ಮಂಗಳೂರಿಗೆ ಹೋಗಿ, ಟೋಕನ್ ಹಿಡಿದು ಕಾದು, ಕೊನೆಗೆ ಡಾಕ್ಟರ ಮುಂದೆ ಕೂತಾಗ ಸಿಗುವ ಹೊತ್ತು ಸ್ವಲ್ಪವೇ ಅಲ್ವಾ? ಆ ಹೊತ್ತಿಗೆ ಬೇಕಾದ ಪ್ರಶ್ನೆಗಳನ್ನು ಮನೆಯಲ್ಲೇ ತಯಾರು ಮಾಡಿಕೊಳ್ಳುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳುತ್ತೇನೆ. ಯಾವ ಅಧ್ಯಯನ ಸಿಕ್ಕಿದರೂ ಶೇಕಡಾ ಎಷ್ಟು ಅಂತ ನೋಡುವ ಮೊದಲು, ಅದರಲ್ಲಿದ್ದ ಮಕ್ಕಳು ಯಾರು ಅಂತ ನೋಡಿ. ನಿಮ್ಮ ಮಗುವಿನಂಥವರು ಅದರಲ್ಲಿ ಇರಲೇ ಇಲ್ಲ ಅಂದರೆ ಆ ಶೇಕಡಾ ನಿಮಗೆ ಸಂಬಂಧಪಟ್ಟದ್ದಲ್ಲ.

ಮೊದಲು ನಿಮ್ಮ ಮಗುವಿನ ಫೈಲ್

ಹಾಗೆ ಹೋಲಿಸಿ ನೋಡಬೇಕಾದರೆ ನಿಮ್ಮ ಮಗುವಿನ ವಿವರ ನಿಮಗೆ ಗೊತ್ತಿರಬೇಕು. ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಕಾಯಿಲೆ ಯಾವುದು, ಕ್ರೋನ್ಸ್ ಆದರೆ ಕರುಳಿನ ಯಾವ ಭಾಗದಲ್ಲಿದೆ, ಕರುಳು ಕಿರಿದಾಗಿದೆಯಾ, ಗುದದ ಹತ್ತಿರ ಫಿಸ್ಟುಲಾ (ಕರುಳಿನಿಂದ ಚರ್ಮಕ್ಕೆ ತೂತು) ಇದೆಯಾ, ಶುರುವಾದಾಗ ವಯಸ್ಸೆಷ್ಟು, ಈವರೆಗೆ ಕೊಟ್ಟ ಔಷಧಗಳು ಯಾವುವು. ಎತ್ತರ ಮತ್ತು ತೂಕವನ್ನು ತಾರೀಕಿನ ಜೊತೆ ಬರೆಯಿರಿ. ದೊಡ್ಡವರ ಕಾಯಿಲೆಗೂ ಮಕ್ಕಳ ಕಾಯಿಲೆಗೂ ಇರುವ ದೊಡ್ಡ ವ್ಯತ್ಯಾಸ ಇದೇ, ಮಕ್ಕಳು ಬೆಳೆಯಬೇಕು. ಹೊಟ್ಟೆನೋವು ಕಡಿಮೆಯಾಗಿದ್ದರೂ ವರ್ಷವಿಡೀ ಎತ್ತರ ಏರಲಿಲ್ಲ ಅಂದರೆ ಒಳಗೆ ಉರಿಯೂತ ಇನ್ನೂ ಇದೆಯಾ ಅಂತ ಅನುಮಾನ ಪಡಬೇಕು.

ಮಗು 6 ವರ್ಷದೊಳಗಿದ್ದರೆ ಅದನ್ನು ಬೇರೆಯೇ ಗುಂಪು ಅಂತ ಡಾಕ್ಟರುಗಳು ನೋಡುತ್ತಾರೆ. ಅಷ್ಟು ಸಣ್ಣವರಲ್ಲಿ ಕೆಲವರಿಗೆ ಒಂದೇ ಒಂದು ಜೀನಿನ ದೋಷದಿಂದ ಈ ಕಾಯಿಲೆ ಬರುತ್ತದೆ, ಅವರ ಚಿಕಿತ್ಸೆಯ ದಾರಿಯೂ ಬೇರೆ. ಹತ್ತು ಹನ್ನೆರಡು ವರ್ಷದವರ ಅಧ್ಯಯನವನ್ನು ಮೂರು ವರ್ಷದ ಮಗುವಿಗೆ ತಂದು ಅಂಟಿಸಬೇಡಿ.

ಫೈಲಿನ ಎರಡು ಪ್ರತಿ ಇರಲಿ, ಫೋಟೋ ತೆಗೆದು ಫೋನಿನಲ್ಲೂ ಇಡಿ. 2020ರಲ್ಲಿ ಕೊರೊನಾ ಹೊತ್ತಿಗೆ ಕೇರಳ ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಹಾಗೆ ಆಗದಿದ್ದರೂ, ರಾತ್ರಿ ಹೊತ್ತು ಕಾಸರಗೋಡಿನಲ್ಲೇ ಯಾವುದೋ ಆಸ್ಪತ್ರೆಗೆ ಓಡಬೇಕಾದರೆ ಅಲ್ಲಿನ ಡಾಕ್ಟರಿಗೆ ತೋರಿಸಲು ಏನಾದರೂ ಬೇಕಲ್ಲ. ರಕ್ತ ಜಾಸ್ತಿ ಹೋಗುತ್ತಿದೆ, ರಾತ್ರಿ ಎದ್ದೆದ್ದು ಕಕ್ಕಸಿಗೆ ಓಡುತ್ತಿದೆ, ಜ್ವರ ಇದೆ, ಹೊಟ್ಟೆ ಉಬ್ಬಿದೆ ಅಂದರೆ ಓದುತ್ತಾ ಕೂರಬೇಡಿ. ಅದು ಆಸ್ಪತ್ರೆಗೆ ಹೋಗುವ ಹೊತ್ತು.

ಎಲ್ಲಿ ಹುಡುಕುವುದು

ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಹುಡುಕುತಾಣ ಉಚಿತ. ಇಂಗ್ಲಿಷಿನಲ್ಲಿ ಪೀಡಿಯಾಟ್ರಿಕ್ ಕ್ರೋನ್ಸ್ ಡಿಸೀಸ್ ಅಂತ ಟೈಪ್ ಮಾಡಿದರೆ ರಾಶಿ ಬೀಳುತ್ತದೆ. ಆ ರಾಶಿಗೆ ಕೈ ಹಾಕುವ ಮೊದಲು ಮಾರ್ಗಸೂಚಿ ಹುಡುಕಿ. ಯುರೋಪಿನ ಎಕ್ಕೋ ಮತ್ತು ಎಸ್ಪ್‌ಗ್ಯಾನ್ ಎಂಬ ಎರಡು ಸಂಸ್ಥೆಗಳು ಸೇರಿ ಮಕ್ಕಳ ಕ್ರೋನ್ಸ್‌ಗೆ ಮಾಡಿದ ಮಾರ್ಗಸೂಚಿಯ ಹೊಸ ರೂಪ 2021ರಲ್ಲಿ ಅಚ್ಚಾಯಿತು. ನೂರಾರು ಅಧ್ಯಯನ ಓದಿದವರು ಕೂತು ತೂಗಿ ನೋಡಿ ಬರೆದದ್ದು ಅದು. ಮೊದಲು ಅದರಲ್ಲಿ ಏನಿದೆ ನೋಡಿ, ಆಮೇಲೆ ಹೊಸದಾಗಿ ಬಂದದ್ದಕ್ಕೆ ಹೋಗಿ. ಇಂಗ್ಲಿಷ್ ಕಷ್ಟ ಆದರೆ ಫೋನಿನಲ್ಲೇ ಕನ್ನಡ ಮಾಡಿಕೊಳ್ಳಬಹುದು. ಅಂಕಿಗಳನ್ನು ಮಾತ್ರ ಮೂಲದಲ್ಲೇ ನೋಡಿ.

ಊಟವೇ ಔಷಧವಾಗುವ ಚಿಕಿತ್ಸೆ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಯಾಕಂದರೆ ಸಂಶೋಧನೆಯ ಬಲ ಚೆನ್ನಾಗಿದ್ದೂ ನಮ್ಮ ಮನೆಗಳಲ್ಲಿ ಯಾರೂ ನಂಬದ ಚಿಕಿತ್ಸೆ ಇದು. ಕ್ರೋನ್ಸ್ ಇರುವ ಮಗುವಿಗೆ 6ರಿಂದ 8 ವಾರ ಬೇರೆ ಏನೂ ಕೊಡದೆ, ಪೂರ್ತಿ ಪೋಷಣೆ ಇರುವ ಒಂದು ಪುಡಿಯನ್ನು ನೀರಿನಲ್ಲಿ ಕಲಸಿ ಅದನ್ನೇ ಕುಡಿಸುವುದು. ಇಇಎನ್ ಅಂತ ಹೇಳುತ್ತಾರೆ. ಆ ಮಾರ್ಗಸೂಚಿಯಲ್ಲಿ ಕರುಳಿನ ಒಳಪದರದ ಕ್ರೋನ್ಸ್‌ಗೆ ಶುರುವಿನ ಚಿಕಿತ್ಸೆಯಾಗಿ ಇದನ್ನು ಸ್ಟೀರಾಯ್ಡ್‌ಗಿಂತ ಮುಂದೆ ಇಟ್ಟಿದ್ದಾರೆ. 2006ರಲ್ಲಿ ಇಟಲಿಯಿಂದ ಬಂದ ಅಧ್ಯಯನ ಸಣ್ಣದು, 37 ಮಕ್ಕಳು, ಒಂದು ಗುಂಪಿಗೆ ಪುಡಿ, ಇನ್ನೊಂದಕ್ಕೆ ಸ್ಟೀರಾಯ್ಡ್. 10 ವಾರದ ನಂತರ ಲಕ್ಷಣಗಳು ಕಡಿಮೆಯಾದದ್ದು ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ. ಆದರೆ ಸ್ಕೋಪ್ ಹಾಕಿ ನೋಡಿದಾಗ ಕರುಳಿನ ಹುಣ್ಣು ಮಾಗಿದ್ದು ಪುಡಿ ಕುಡಿದವರಲ್ಲಿ ಶೇಕಡಾ 74, ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ 33. ಬೆಳೆಯುವ ವಯಸ್ಸಿನಲ್ಲಿ ಸ್ಟೀರಾಯ್ಡ್ ಎತ್ತರವನ್ನು ತಡೆಯುತ್ತದೆ ಅನ್ನುವುದನ್ನೂ ಸೇರಿಸಿ ನೋಡಿ, ಆಗ ಇದರ ಬೆಲೆ ಗೊತ್ತಾಗುತ್ತದೆ. ಅಲ್ಸರೇಟಿವ್ ಕೊಲೈಟಿಸ್‌ಗೆ ಇದು ಚಿಕಿತ್ಸೆಯಲ್ಲ. ಕಾಯಿಲೆಯ ಹೆಸರು ಸರಿಯಾಗಿ ಗೊತ್ತಿರಬೇಕು ಅಂದದ್ದು ಇದಕ್ಕೇ.

ಮನೆಯಲ್ಲಿ ಇದು ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಅಣ್ಣನ ಮಗಳು ಕುಡಿಯುತ್ತಿದ್ದಾಗ ನೋಡಿದ್ದೇನೆ. ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಮುಚ್ಚಳ ಇರುವ ಸ್ಟೀಲ್ ಲೋಟದಲ್ಲಿ ಸ್ಟ್ರಾ ಹಾಕಿ ಕೊಟ್ಟರೆ ಮಾತ್ರ ಇಳಿಯುತ್ತಿತ್ತು, ಯಾಕಂದರೆ ಅದರ ವಾಸನೆಯೇ ಅವಳಿಗೆ ಆಗುತ್ತಿರಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಹಲಸಿನ ಹಪ್ಪಳ ಕರಿದರೆ ಅವಳು ಎದ್ದು ಅಂಗಳಕ್ಕೆ ಹೋಗಿಬಿಡುತ್ತಿದ್ದಳು. ಅಜ್ಜಿಗೆ ಸಂಕಟ, "ಒಂದು ಹಪ್ಪಳ ತಿಂದರೆ ಎಂತ ಆಗ್ತದೆ, ಮಗು ಅಲ್ವಾ" ಅಂತ. ಕೊನೆಗೆ ಅತ್ತಿಗೆ ಅಷ್ಟು ವಾರ ಹಪ್ಪಳ ಕರಿಯುವುದನ್ನೇ ಬಿಟ್ಟರು, ದೊಡ್ಡವರ ಊಟ ಅವಳು ಮಲಗಿದ ಮೇಲೆ. ಹಾಗಾಗಿ ಡಯಟಿಷಿಯನ್ ಹತ್ತಿರ ಹೋಗುವಾಗ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಯಾವ ಪುಡಿ, ದಿನಕ್ಕೆ ಎಷ್ಟು, ತಿಂಗಳಿಗೆ ಎಷ್ಟು ಡಬ್ಬಿ, ದುಡ್ಡೆಷ್ಟು, ಕುಡಿಯಲು ಆಗದಿದ್ದರೆ ಮೂಗಿನ ನಳಿಕೆ ಹಾಕುತ್ತೀರಾ ಅಂತ ಅಲ್ಲೇ ಕೇಳಿ. ಮನೆಯ ರಾಗಿ ಮಣ್ಣಿ, ಹಾಲು, ಅಂಗಡಿಯ ಹೆಲ್ತ್ ಡ್ರಿಂಕ್ ಇದರ ಬದಲಿಗೆ ಆಗುವುದಿಲ್ಲ.

ಒಂದು ಅಧ್ಯಯನವನ್ನು ಸಾಲು ಸಾಲಾಗಿ

ಬರೀ ಪುಡಿ ಕುಡಿಯುವುದು ಇಷ್ಟು ಕಷ್ಟ ಅಂತಲೇ ಇಸ್ರೇಲ್ ಮತ್ತು ಕೆನಡಾದಲ್ಲಿ ಇನ್ನೊಂದು ದಾರಿ ಪರೀಕ್ಷೆ ಮಾಡಿದರು. 2019ರಲ್ಲಿ ಪ್ರಕಟವಾಯಿತು. ಸಿಡಿಇಡಿ ಎಂಬ ಊಟದ ಕ್ರಮ, ಜೊತೆಗೆ ಅರ್ಧದಷ್ಟು ಪುಡಿ. ಇದನ್ನೇ ಇಟ್ಟುಕೊಂಡು ಓದುವ ಕ್ರಮ ನೋಡೋಣ.

ಮಕ್ಕಳು ಯಾರು? 74 ಮಂದಿ, ಸೌಮ್ಯದಿಂದ ಮಧ್ಯಮ ಮಟ್ಟದ ಕ್ರೋನ್ಸ್. ಕಾಯಿಲೆ ತೀವ್ರವಾಗಿರುವ ಮಗುವಿನ ಮನೆಯವರು ಇಲ್ಲೇ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿಕೊಳ್ಳಿ. ಅವರು ಮುಖ್ಯವಾಗಿ ಕೇಳಿದ ಪ್ರಶ್ನೆ ಏನು? ಮಕ್ಕಳಿಗೆ ಇದು ಸಹಿಸಲು ಆಗುತ್ತದಾ ಅಂತ. ಉತ್ತರ ಸ್ಪಷ್ಟ: ಊಟ ಮತ್ತು ಪುಡಿಯ ಗುಂಪಿನಲ್ಲಿ ಶೇಕಡಾ 97.5, ಬರೀ ಪುಡಿಯ ಗುಂಪಿನಲ್ಲಿ 73.6. ಕಾಯಿಲೆ ಹತೋಟಿಗೆ ಬಂತಾ? 6ನೇ ವಾರದಲ್ಲಿ 75 ಮತ್ತು 59, ಇಷ್ಟು ಸಣ್ಣ ಗುಂಪಿನಲ್ಲಿ ಆ ಅಂತರವನ್ನು ಗಟ್ಟಿ ಅಂತ ಹೇಳಲು ಆಗುವುದಿಲ್ಲ, ಅವರೂ ಹೇಳಿಲ್ಲ. 12ನೇ ವಾರದಲ್ಲಿ 75.6 ಮತ್ತು 45.1, ಇಲ್ಲಿ ವ್ಯತ್ಯಾಸ ನಿಜಕ್ಕೂ ಇದೆ. ಆದರೆ ಈ ಹೊತ್ತಿಗೆ ಎರಡನೇ ಗುಂಪಿನವರು ಬರೀ ಪುಡಿಯಲ್ಲಿ ಇರಲಿಲ್ಲ. 6 ವಾರ ಮುಗಿದ ಮೇಲೆ ಅವರು ಕಾಲುಭಾಗ ಪುಡಿ ಇಟ್ಟುಕೊಂಡು ಮಾಮೂಲಿ ಊಟಕ್ಕೆ ಮರಳಿದ್ದರು. ಹಾಗಾಗಿ ನನಗೆ ಕಾಣುವುದು ಇಷ್ಟು: ಪುಡಿ ನಿಲ್ಲಿಸಿದ ಮೇಲೆ ಏನು ತಿನ್ನುತ್ತಾರೆ ಅನ್ನುವುದು ದೊಡ್ಡ ವಿಷಯ. ಡಾಕ್ಟರನ್ನು ಕೇಳಬೇಕಾದದ್ದು ಕೂಡ ಅದನ್ನೇ, "ಈ ವಾರಗಳು ಮುಗಿದ ಮೇಲೆ ಮುಂದೆ ಎಂತ ಪ್ಲಾನ್?"

ಹಣ ಯಾರದು ಅಂತಲೂ ನೋಡಿ. ಈ ಅಧ್ಯಯನಕ್ಕೆ ನೆಸ್ಲೆ ಹೆಲ್ತ್ ಸೈನ್ಸ್ ಹಣ ಕೊಟ್ಟಿದೆ, ಪುಡಿ ಮಾರುವವರೂ ಅವರೇ. ಇದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ, ಗೊತ್ತಿದ್ದು ಓದಬೇಕು ಅಷ್ಟೇ. ಇನ್ನೊಂದು ನಮ್ಮೂರಿನ ತೊಡಕು: ಆ ಊಟದ ಪಟ್ಟಿಯಲ್ಲಿ ಕೋಳಿ, ಮೊಟ್ಟೆ, ಆಲೂಗಡ್ಡೆ, ಸೇಬು, ಬಾಳೆಹಣ್ಣು ಮುಖ್ಯ. ಕೋಳಿ ಮೊಟ್ಟೆ ತಿನ್ನದ ಮನೆಯವರು ತಾವೇ ಪಟ್ಟಿ ಬದಲಾಯಿಸಬೇಡಿ, ಬದಲಾಯಿಸಿದರೆ ಅದು ಆ ಅಧ್ಯಯನದಲ್ಲಿ ಪರೀಕ್ಷೆಯಾದ ಊಟ ಅಲ್ಲವೇ ಅಲ್ಲ. ಡಯಟಿಷಿಯನ್ ಜೊತೆ ಕೂತು ಮಾತಾಡಿ.

ಔಷಧಗಳ ಅಧ್ಯಯನ

ಮಾವ ಕಳಿಸಿದ ಆ 88 ಎಲ್ಲಿಂದ ಬಂತು ಅಂದರೆ, ರೀಚ್ ಎಂಬ 2007ರ ಅಧ್ಯಯನದಿಂದ. ಕ್ರೋನ್ಸ್ ಇರುವ 112 ಮಕ್ಕಳಿಗೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಇಂಜೆಕ್ಷನ್ ಕೊಟ್ಟರು. 10ನೇ ವಾರದಲ್ಲಿ ಶೇಕಡಾ 88 ಮಕ್ಕಳಿಗೆ ಗುಣ ಕಂಡಿತು, ಅಂದರೆ ಮೊದಲಿಗಿಂತ ಸುಧಾರಿಸಿದರು. ಲಕ್ಷಣ ಪೂರ್ತಿ ಹತೋಟಿಗೆ ಬಂದದ್ದು ಶೇಕಡಾ 59. ಎರಡೂ ಅಂಕಿ ಅದೇ ಮಕ್ಕಳದ್ದು, ಅದೇ ವಾರದ್ದು. ರೆಸ್ಪಾನ್ಸ್ (ಸುಧಾರಣೆ) ಅಂತ ಬರೆದಿದ್ದಾರಾ ರೆಮಿಷನ್ (ಪೂರ್ತಿ ಹತೋಟಿ) ಅಂತ ಬರೆದಿದ್ದಾರಾ ಅಂತ ಯಾವಾಗಲೂ ನೋಡಿ. ಆ ಮಕ್ಕಳೆಲ್ಲ ಜೊತೆಗೆ ಅಜಾಥಿಯೋಪ್ರಿನ್‌ನಂಥ ಇನ್ನೊಂದು ಔಷಧದಲ್ಲೂ ಇದ್ದರು, ಇಂಜೆಕ್ಷನ್ ಇಲ್ಲದ ಗುಂಪು ಹೋಲಿಕೆಗೆ ಇರಲೇ ಇಲ್ಲ.

ಎರಡು ಔಷಧ ಜೊತೆಗೆ ಬೇಕಾ ಅನ್ನುವುದಕ್ಕೆ 2023ರ ಕಂಬೈನ್ ಅಧ್ಯಯನ ಇದೆ, 297 ಮಕ್ಕಳು. ಮೆಥೋಟ್ರೆಕ್ಸೇಟ್ ಎಂಬ ಔಷಧವನ್ನು ಕಡಿಮೆ ಪ್ರಮಾಣದಲ್ಲಿ ಸೇರಿಸಿದಾಗ ಅಡಾಲಿಮುಮ್ಯಾಬ್ ಎಂಬ ಇನ್ನೊಂದು ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಲಾಭ ಕಂಡಿತು, ಇನ್‌ಫ್ಲಿಕ್ಸಿಮ್ಯಾಬ್ ತೆಗೆದುಕೊಳ್ಳುವವರಿಗೆ ಅಂಥ ಸ್ಪಷ್ಟ ಲಾಭ ಕಾಣಲಿಲ್ಲ. ನಿಮ್ಮ ಮಗುವಿನ ಇಂಜೆಕ್ಷನ್ ಯಾವುದು ಅಂತ ಗೊತ್ತಿಲ್ಲದೆ ಇದನ್ನು ಓದಿ ಉಪಯೋಗ ಇಲ್ಲ.

ಅಲ್ಸರೇಟಿವ್ ಕೊಲೈಟಿಸ್ ಮನೆಯವರು 2019ರ ಪ್ರೊಟೆಕ್ಟ್ ಅಧ್ಯಯನ ನೋಡಿ. ಹೊಸದಾಗಿ ಕಾಯಿಲೆ ಗೊತ್ತಾದ ಮಕ್ಕಳಲ್ಲಿ, ಒಂದು ವರ್ಷದ ಹೊತ್ತಿಗೆ ಸ್ಟೀರಾಯ್ಡ್ ಇಲ್ಲದೆ ಬರೀ ಮಾತ್ರೆ ಮೆಸಲಮೈನ್‌ನಲ್ಲೇ ಹತೋಟಿಯಲ್ಲಿದ್ದವರು ಶೇಕಡಾ 38. ಮಾತ್ರೆಯಿಂದ ಮುಂದಿನ ಔಷಧಕ್ಕೆ ಹೋಗೋಣ ಅಂತ ಡಾಕ್ಟರ್ ಹೇಳಿದರೆ ನೀವೇನೋ ತಪ್ಪು ಮಾಡಿದಿರಿ ಅಂತಲ್ಲ, ತುಂಬಾ ಮಕ್ಕಳಿಗೆ ಹಾಗೇ ಆಗುತ್ತದೆ.

ನಮ್ಮ ದೇಶಕ್ಕೆ ಸೇರಿದ ಮೂರು ಪ್ರಶ್ನೆ ಇವೆ, ವಿದೇಶದ ಲೇಖನಗಳಲ್ಲಿ ಇವಕ್ಕೆ ಇಷ್ಟು ಒತ್ತು ಇರುವುದಿಲ್ಲ. ಕರುಳಿನ ಟಿಬಿ ನೋಡಲು ಕ್ರೋನ್ಸ್ ಹಾಗೇ ಇರುತ್ತದೆ, ಅದನ್ನು ತಳ್ಳಿಹಾಕಿದ್ದು ಯಾವ ಪರೀಕ್ಷೆಯಿಂದ ಅಂತ ಕೇಳಿ. ಇನ್‌ಫ್ಲಿಕ್ಸಿಮ್ಯಾಬ್ ಶುರುಮಾಡುವ ಮೊದಲು ಒಳಗೆ ಅಡಗಿರುವ ಟಿಬಿಯನ್ನೂ ನೋಡಲೇಬೇಕು. ಅಜಾಥಿಯೋಪ್ರಿನ್ ಕೊಡುವುದಾದರೆ ನುಡ್ಟ್15 ಜೀನ್ ಪರೀಕ್ಷೆ ಮಾಡಿಸುತ್ತೀರಾ ಅಂತ ಕೇಳಿ. ಅದರ ವ್ಯತ್ಯಾಸ ಏಷ್ಯಾದವರಲ್ಲಿ ಜಾಸ್ತಿ, ಇದ್ದವರಿಗೆ ಈ ಔಷಧದಿಂದ ಬಿಳಿ ರಕ್ತಕಣ ಏಕಾಏಕಿ ಇಳಿಯಬಹುದು. ಮೂರನೆಯದು ಲಸಿಕೆ. ದಡಾರ, ಚಿಕನ್ ಪಾಕ್ಸ್‌ನಂಥ ಜೀವಂತ ಲಸಿಕೆಗಳನ್ನು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಶುರುವಾದ ಮೇಲೆ ಸಾಮಾನ್ಯವಾಗಿ ಕೊಡುವುದಿಲ್ಲ, ಹಾಗಾಗಿ ಲಸಿಕೆಯ ಕಾರ್ಡನ್ನು ಮೊದಲ ಭೇಟಿಗೇ ತೆಗೆದುಕೊಂಡು ಹೋಗಿ.

ಮಗುವನ್ನು ಟ್ರಯಲ್‌ಗೆ (ಔಷಧದ ಪರೀಕ್ಷೆಗೆ) ಸೇರಿಸಿ ಅಂದರೆ

ಮೊದಲು ಸಿಟಿಆರ್‌ಐ (ಭಾರತದ ಟ್ರಯಲ್‌ಗಳ ಸರಕಾರಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ 2009ರಿಂದ ಟ್ರಯಲ್‌ಗಳ ನೋಂದಣಿ ಕಡ್ಡಾಯ, ಆ ವೆಬ್‌ಸೈಟಿನಲ್ಲಿ ನೀವೇ ಹುಡುಕಬಹುದು. ಯಾವ ವಯಸ್ಸಿನವರು, ಎಷ್ಟು ಸಲ ಬರಬೇಕು, ಹೋಲಿಕೆಯ ಗುಂಪಿಗೆ ಏನು ಕೊಡುತ್ತಾರೆ, ಬಸ್ಸಿನ ಖರ್ಚು ಯಾರದು, ಟ್ರಯಲ್ ಮುಗಿದ ಮೇಲೆ ಔಷಧ ಸಿಗುತ್ತದಾ, ಎಲ್ಲ ಕೇಳಿ. ನಡುವೆ ಬಿಟ್ಟು ಬರುವ ಹಕ್ಕು ಇದೆ, ಬಿಟ್ಟರೂ ಆಸ್ಪತ್ರೆಯವರು ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. 7 ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು ಅಂತ ನಿಯಮವೇ ಇದೆ, ಹಾಗಾಗಿ ಮಗುವಿನ ಎದುರಿಗೇ ಮಾತಾಡಿ.

ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಮಂಗಳೂರಿನ ಬದಲು ಕೋಝಿಕ್ಕೋಡಿಗೋ ತಿರುವನಂತಪುರಕ್ಕೋ ಹೋದರೆ ಕೈಗೆ ಬರುವುದು ಮಲಯಾಳದ ಹಾಳೆ. ಮಾತಾಡಲು ಮಲಯಾಳ ಬರುತ್ತದೆ, ಓದಲು ಬರುವುದಿಲ್ಲ ಅನ್ನುವವರು ನಮ್ಮಲ್ಲಿ ತುಂಬಾ ಜನ. ಸಂಕೋಚದಿಂದ ಸಹಿ ಹಾಕಬೇಡಿ. ಕನ್ನಡದ ಪ್ರತಿ ಕೇಳಿ, ಕೊಟ್ಟರೆ ಮನೆಗೆ ತಂದು ಎಲ್ಲರೂ ಓದಿ, ಅರ್ಥವಾಗದ ಸಾಲಿಗೆ ಗೆರೆ ಎಳೆದು ಮುಂದಿನ ಸಲ ಹೋಗುವಾಗ ಅದನ್ನೇ ಹಿಡಿದುಕೊಂಡು ಹೋಗಿ.